ಹಸಿರು ಪಟ್ಟಿ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟಳು ಅನ್ನಬೇಡಿ. ನನ್ನ ಅಣ್ಣನ ಮಗಳಿಗೆ ದಿನದಿಂದ ದಿನಕ್ಕೆ ಕಣ್ಣು ಮಂಜಾಗುತ್ತಿತ್ತು. ಒಂದೆರಡು ದಿನವಲ್ಲ, ಐದು ತಿಂಗಳು. ಅಷ್ಟೂ ದಿನ ವಾರಕ್ಕೆ ಮೂರು ಸಲ ಅವಳು ನನ್ನ ಮೇಜಿನ ಎದುರಿಗೇ ಕೂತಿರುತ್ತಿದ್ದಳು. ನಾನು ಅದಕ್ಕೆ ಸೋಮಾರಿತನ ಎಂದು ಹೆಸರಿಟ್ಟು, ಬೈದು, ತಿದ್ದಲು ಹೊರಟಿದ್ದೆ.

ನಾನು ಮಕ್ಕಳ ಗ್ರಂಥಾಲಯ ನೋಡಿಕೊಳ್ಳುವವಳು. ದೊಡ್ಡ ಗ್ರಂಥಾಲಯದ ನೆಲಮಹಡಿಯಲ್ಲಿ ಉದ್ದನೆಯದೊಂದು ಕೋಣೆ ನನ್ನದು. ಒಂದು ಬದಿಗೆ ಐದು ಕಿಟಕಿ, ಇನ್ನೊಂದು ಬದಿಗೆ ಕಪಾಟುಗಳು, ನಡುವೆ ಮೊಣಕಾಲೆತ್ತರದ ಮೇಜುಗಳು, ದೊಡ್ಡವರು ಕೂತರೆ ಯಾರಾದರೂ ಹಿಡಿದೆಬ್ಬಿಸಬೇಕಾದಂಥ ಪುಟ್ಟ ಕುರ್ಚಿಗಳು. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ತಾಯಂದಿರು ಮಾತಾಡಿಕೊಳ್ಳುತ್ತಾರೆ. ಮಾತಾಡಿಕೊಳ್ಳಲಿ. ಪುಟದ ಮೂಲೆ ಮಡಚಿದವರನ್ನೆಲ್ಲ ಮುದ್ದು ಮಾಡಿ ಕಳಿಸಿದ್ದರೆ ಇಪ್ಪತ್ತೆರಡು ವರ್ಷ ಈ ಪುಸ್ತಕಗಳು ಉಳಿಯುತ್ತಿದ್ದವೇ?

ನಮ್ಮಲ್ಲಿ ಪ್ರತಿ ಪುಸ್ತಕದ ಬೆನ್ನಿಗೂ ಒಂದು ಬಣ್ಣದ ಪಟ್ಟಿ ಅಂಟಿಸಿರುತ್ತೇವೆ. ಹಸಿರು, ಆಗತಾನೇ ಅಕ್ಷರ ಕೂಡಿಸುವ ಪುಟಾಣಿಗಳಿಗೆ: ಪುಟಕ್ಕೆ ಒಂದೇ ಸಾಲು, ಹೆಬ್ಬೆರಳಿನಷ್ಟು ದೊಡ್ಡ ಅಕ್ಷರ. ಹಳದಿ, ಚಿತ್ರದ ಜೊತೆಗೆ ಸಣ್ಣ ಕಥೆ ಓದಬಲ್ಲವರಿಗೆ. ನೀಲಿ, ಹತ್ತು ಹನ್ನೆರಡರವರಿಗೆ. ಕೆಂಪು, ಹೈಸ್ಕೂಲಿನವರಿಗೆ: ಮುನ್ನೂರು ಪುಟ, ಇರುವೆ ಸಾಲಿನಂಥ ಅಕ್ಷರ. ವರ್ಷಕ್ಕೊಮ್ಮೆ ಒಂದೊಂದು ಬಣ್ಣದಲ್ಲಿ ಹತ್ತು ಪುಸ್ತಕ ಆರಿಸಿ, ‘ಇವನ್ನು ಓದಿ’ ಎಂದು ಇನ್ನೊಂದು ಪಟ್ಟಿ ಮಾಡಿ ಗೋಡೆಗೆ ಹಾಕುತ್ತೇವೆ. ಬೆನ್ನಿಗೂ ಪಟ್ಟಿ, ಗೋಡೆಗೂ ಪಟ್ಟಿ, ಎರಡೂ ನನ್ನ ಕೆಲಸ.

ಗೋಡೆಯ ಪಟ್ಟಿಗೆ ಪುಸ್ತಕ ಆರಿಸುವವರು ಮಾತ್ರ ಮಕ್ಕಳೇ. ಓದಿ ಮುಗಿಸಿದವರು ಅಂಗೈಯಗಲದ ಚೀಟಿಯಲ್ಲಿ ನಾಲ್ಕು ಸಾಲು ಬರೆದು ಕೊಡಬೇಕು: ಈ ಪುಸ್ತಕ ಯಾರಿಗೆ ಹಿಡಿಸುತ್ತದೆ, ಯಾಕೆ. ನಾನು ಕೆಂಪು ಪೆನ್ಸಿಲಿನಲ್ಲಿ ತಪ್ಪು ತಿದ್ದಿ, ತಾರೀಖಿನ ಮುದ್ರೆ ಒತ್ತಿ, ಬಿಸ್ಕತ್ತಿನ ಡಬ್ಬಿಯಲ್ಲಿ ಜೋಡಿಸಿಡುತ್ತೇನೆ. ಒಂದು ಚೀಟಿಯೂ ಕಳೆದುಹೋದದ್ದಿಲ್ಲ. ಆ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು.

ಇನ್ನೊಂದು ನಿಯಮವನ್ನು ರಟ್ಟಿನ ಮೇಲೆ ಬರೆದು ಬಾಗಿಲ ಪಕ್ಕ ತೂಗುಹಾಕಿದ್ದೆ. ‘ಹತ್ತಿದ ಮೆಟ್ಟಿಲು ಇಳಿಯುವಂತಿಲ್ಲ.’ ಅಂದರೆ ನೀಲಿ ಓದುವವರು ಹಳದಿಗೆ ಕೈ ಹಾಕುವಂತಿಲ್ಲ, ಹಳದಿಯವರು ಹಸಿರಿಗೆ. ಇಲ್ಲದಿದ್ದರೆ ಈ ದೊಡ್ಡ ಮಕ್ಕಳು ಚಿತ್ರದ ಪುಸ್ತಕಗಳನ್ನೆಲ್ಲ ಬಾಚಿಕೊಂಡು ಹೋಗಿ, ಪುಟಾಣಿಗಳು ಬಂದಾಗ ಕಪಾಟು ಬಣಗುಟ್ಟುತ್ತಿರುತ್ತದೆ. ಒಳ್ಳೆಯ ನಿಯಮವೇ. ಈಗಲೂ ಹಾಗೇ ಅನ್ನಿಸುತ್ತದೆ, ಅದೇ ನನ್ನ ಸಂಕಟ.

ನನ್ನ ಅಣ್ಣನ ಮಗಳನ್ನು ಎಲ್ಲರೂ ಜೀರುಂಡೆ ಎಂದೇ ಕರೆಯುತ್ತಿದ್ದರು. ಓದುವಾಗ ಬಾಯಿ ಮುಚ್ಚಿಕೊಂಡೇ ಗುಂಯ್ ಎಂದು ಸದ್ದು ಮಾಡುತ್ತಿದ್ದಳು, ಅವಳಿಗೇ ಗೊತ್ತಾಗದ ಹಾಗೆ. ಕಥೆ ಜೋರಾದರೆ ಸದ್ದೂ ಜೋರು. ಅಣ್ಣ ಬಸ್ಸು ಓಡಿಸುತ್ತಾನೆ, ಅತ್ತಿಗೆ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆಗೆ ಹೋಗುತ್ತಾರೆ. ಇಬ್ಬರೂ ಮನೆ ಸೇರುವಾಗ ಸಂಜೆ ಆರು. ಹಾಗಾಗಿ ಶಾಲೆ ಬಿಟ್ಟ ಮೇಲೆ ವಾರಕ್ಕೆ ಮೂರು ದಿನ ಅವಳು ನನ್ನ ಪಾಲು. “ನೀವೇನೂ ಯೋಚನೆ ಮಾಡಬೇಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ” ಎಂದು ಅತ್ತಿಗೆಗೆ ಮಾತು ಕೊಟ್ಟವಳು ನಾನೇ.

ಅತ್ತಿಗೆಗೆ ದಾರ ಪೋಣಿಸಿ ಪೋಣಿಸಿ ನಲವತ್ತಕ್ಕೇ ದಪ್ಪ ಕನ್ನಡಕ ಬಂದಿತ್ತು. ಮಗಳನ್ನು ಕರೆದುಕೊಂಡು ಹೋಗಲು ಬಂದಾಗಲೆಲ್ಲ ಒಂದೇ ರಾಗ. “ಓದಿ ಓದಿ ನನ್ನ ಥರ ಕಣ್ಣು ಹಾಳು ಮಾಡ್ಕೊಂಡೆಯೋ, ಆವತ್ತಿಗೆ ನಿನ್ನ ಲೈಬ್ರರಿ ಬಂದ್, ನೋಡ್ತಿರು.” ನಾನು ನಗುತ್ತಿದ್ದೆ, ಅತ್ತಿಗೆಯೂ ನಗುತ್ತಿದ್ದರು. ಜೀರುಂಡೆ ನಗುತ್ತಿದ್ದಳೋ ಇಲ್ಲವೋ ನಾನು ಗಮನಿಸಿರಲಿಲ್ಲ.

ಅವಳು ನಾಲ್ಕು ವರ್ಷಕ್ಕೇ ಹಸಿರು ಮುಗಿಸಿದವಳು. ಒಂಬತ್ತಕ್ಕೆ ನೀಲಿ. ಹನ್ನೊಂದು ತುಂಬುವ ಹೊತ್ತಿಗೆ ಕೆಂಪು ಕಪಾಟಿನ ಎರಡು ಸಾಲು ಓದಿದ್ದಳು. ನನ್ನವಳು ಎಂದು ಹೊರಗೆ ತೋರಿಸಿಕೊಳ್ಳುತ್ತಿರಲಿಲ್ಲವಾದರೂ ಒಳಗೊಳಗೇ ಹಿಗ್ಗುತ್ತಿದ್ದೆ. ಅಂಥವಳು ಒಂದು ದಿನ ನೀಲಿ ಪಟ್ಟಿಯ ಪುಸ್ತಕ ತಂದು ಮೇಜಿನ ಮೇಲಿಟ್ಟಳು.

“ಏನೇ ಇದು, ಹಿಂದಕ್ಕೆ ಬೆಳೀತಿದ್ದೀಯಾ?” ಎಂದೆ.

“ಹಳೇದು ಇನ್ನೊಂದ್ಸಲ ಓದೋಣ ಅನ್ನಿಸ್ತು ಅತ್ತೆ.”

ಹೋಗಲಿ ಎಂದು ಕೊಟ್ಟೆ. ಮುಂದಿನ ತಿಂಗಳು ಹಳದಿ. ಆಗ ಗೊಣಗಿ ಕೊಟ್ಟೆ. ಗುಂಯ್ ಸದ್ದು ನಿಂತುಹೋಗಿದ್ದು ಆ ದಿನಗಳಲ್ಲೇ. ಕೋಣೆ ಎಷ್ಟು ಶಾಂತವಾಗಿದೆಯಲ್ಲ ಎಂದು ನನಗೆ ಖುಷಿಯಾಯಿತು, ಹುಚ್ಚು ನನಗೆ.

ಆಮೇಲೆ ಒಂದರ ಹಿಂದೊಂದು. ಅವಳು ತನ್ನ ಮಾಮೂಲಿ ಜಾಗ ಬಿಟ್ಟು ಕಿಟಕಿಗೆ ಅಂಟಿಕೊಂಡು ಕೂರತೊಡಗಿದಳು. “ಬೀದಿ ನೋಡೋಕೆ ಬರ್ತೀಯೋ, ಓದೋಕೆ ಬರ್ತೀಯೋ?” ಎಂದೆ. ಪುಟ್ಟ ಕುರ್ಚಿಗಳನ್ನು ಎಡವಿದಳು, ಒಂದೇ ವಾರದಲ್ಲಿ ಎರಡು ಸಲ. “ನೆಲ ನೋಡ್ಕೊಂಡು ನಡಿ, ಮಹಾರಾಣಿ” ಎಂದೆ. ತಲೆನೋವು ಎಂದಳು. “ಹೋಂವರ್ಕ್ ಇದ್ದ ದಿನವೇ ಬರುತ್ತಲ್ಲ ಈ ತಲೆನೋವು” ಎಂದೆ. ಪುಸ್ತಕ ಮರಳಿ ಇಡುವಾಗ ಕೆಂಪನ್ನು ಹಸಿರಿನ ಸಾಲಿಗೆ ಸೇರಿಸಿದಳು, ಒಂದಲ್ಲ, ನಾಲ್ಕು. ನನಗೆ ಸಿಟ್ಟು ನೆತ್ತಿಗೇರಿತು. ಬೇಕಂತಲೇ ಮಾಡುತ್ತಿದ್ದಾಳೆ, ನನ್ನ ತಾಳ್ಮೆ ಎಷ್ಟಿದೆ ಎಂದು ಅಳೆಯುತ್ತಿದ್ದಾಳೆ ಎಂದುಕೊಂಡೆ. ಯಾವ ವಯಸ್ಸಿಗೆ ಯಾವ ಪುಸ್ತಕ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುವವಳು ನಾನು. ಮೇಲಿನ ಮೆಟ್ಟಿಲಿನಿಂದ ಕೆಳಗಿಳಿದರೆ ಮಾತುಗಳು ಸುಲಭವಾಗುತ್ತವೆ ಎಂಬುದಷ್ಟೇ ನನಗೆ ಗೊತ್ತು. ಅಕ್ಷರ ದೊಡ್ಡದಾಗುತ್ತದೆ ಎಂಬುದು ಹೊಳೆಯಲೇ ಇಲ್ಲ.

ಕೊನೆಗೆ ಹಸಿರಿಗೇ ಬಂದಳು. ನಾನು ರಟ್ಟಿನ ಕಡೆ ಬೆರಳು ತೋರಿಸಿದೆ.

“ನಂಗಲ್ಲ ಅತ್ತೆ, ಪಕ್ಕದ್ಮನೆ ಪಾಪುಗೆ. ಓದಿ ಹೇಳ್ತೀನಿ.”

ನಾನು ಕರಗಿಹೋದೆ. ಎರಡು ಕೊಟ್ಟೆ, ಮೂರನೆಯದನ್ನು ನಾನೇ ಆರಿಸಿ ಕೊಟ್ಟೆ. ಸಂಜೆ ಅತ್ತಿಗೆ ಬಂದಾಗ ಪಕ್ಕದ ಮನೆಯ ಪಾಪುವಿಗೆ ಎಷ್ಟು ವಯಸ್ಸು ಎಂದು ಕೇಳಿದೆ. “ಪಕ್ಕದ ಮನೇಲಾ? ಅಲ್ಲಿರೋದು ಮುದುಕ ಮುದುಕಿ ಇಬ್ಬರೇ ಅಲ್ವಾ” ಎಂದರು. ನನ್ನ ಬಾಯಿಗೆ ಬೀಗ ಹಾಕುವವರು ಯಾರು? ಎಲ್ಲರೆದುರಿಗೇ ಸುಳ್ಳಿ ಎಂದೆ. ಚೀಲದಿಂದ ಮೂರೂ ಪುಸ್ತಕ ಹಿಂದಕ್ಕೆ ತೆಗೆದುಕೊಂಡೆ. ಅವಳು ಅಳಲಿಲ್ಲ, ನನ್ನ ಮುಖದ ಕಡೆ ನೋಡುತ್ತಾ ನಿಂತಳು. ನನ್ನ ಮುಖವನ್ನಲ್ಲ, ಅದರ ಪಕ್ಕದಲ್ಲೆಲ್ಲೋ. ಅದನ್ನೂ ಕೊಬ್ಬು ಎಂದೇ ಲೆಕ್ಕ ಹಾಕಿದೆ.

ಮದ್ದು ನಾನೇ ಅರೆದೆ. ಹೊಸ ಪಟ್ಟಿಯನ್ನು ಗೋಡೆಗೆ ಹಾಕುವ ದಿನ ಪ್ರತಿ ಬಣ್ಣಕ್ಕೊಬ್ಬರು ಒಂದೊಂದು ಪುಟ ಗಟ್ಟಿಯಾಗಿ ಓದುವ ರೂಢಿ ಉಂಟು. ಕೆಂಪಿನ ಪುಟವನ್ನು ಇವಳ ಕೈಲೇ ಓದಿಸುತ್ತೇನೆ, ಚಪ್ಪಾಳೆ ಬಿದ್ದರೆ ಮೊದಲಿನ ಹಾಗೆ ಆಗುತ್ತಾಳೆ ಎಂದು ತೀರ್ಮಾನಿಸಿದೆ. ದಾರಿ ತಪ್ಪಿದ ಹುಡುಗಿಯೊಬ್ಬಳ ಕಥೆ, ಅದರಲ್ಲೊಂದು ಪುಟ. ಚೀಟಿ ಸಿಕ್ಕಿಸಿ ಅವಳ ಕೈಗೆ ಕೊಟ್ಟೆ.

ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹೆಬ್ಬೆರಳಿನಿಂದ ಬೆನ್ನಿನ ಪಟ್ಟಿಯನ್ನು ಸವರಿದಳು.

“ನೀನು ಒಂದ್ಸಲ ಓದಿ ತೋರಿಸು ಅತ್ತೆ. ಆಮೇಲೆ ನಾನು ಓದ್ತೀನಿ.”

ಹಾಗೆ ಕೇಳಿದರೆ ಯಾರಿಗೆ ಖುಷಿಯಾಗುವುದಿಲ್ಲ? ನಿಂತು, ಏರಿಳಿತ ಸೇರಿಸಿ, ಚೆನ್ನಾಗಿಯೇ ಓದಿದೆ. ಮುಂದಿನ ಸಲ ಬಂದಾಗ ಮತ್ತೆ ಕೇಳಿದಳು, ಮತ್ತೆ ಓದಿದೆ. ಮೂರನೆಯ ದಿನವೂ. ನಾಲ್ಕನೆಯ ದಿನ ಅವಳೇ ಓದಿದಳು, ಒಂದು ಕಡೆಯೂ ತಡವರಿಸದೆ. “ನೋಡಿದ್ಯಾ? ಮನಸ್ಸಿದ್ರೆ ಎಲ್ಲಾ ಆಗುತ್ತೆ” ಎಂದು ಅವಳ ಕಿವಿ ಹಿಂಡಿದೆ.

ಪಟ್ಟಿಯ ದಿನ ಶನಿವಾರ ಬೆಳಗ್ಗೆ ಹನ್ನೊಂದಕ್ಕೆ ಕೋಣೆ ಕಿಕ್ಕಿರಿದಿತ್ತು. ಅಣ್ಣ ರಜೆ ಹಾಕಿ ಬಂದಿದ್ದ. ಅತ್ತಿಗೆ ಕಿಟಕಿಯ ಪಕ್ಕ ನಿಂತಿದ್ದರು. ಹಸಿರಿನ ಪುಟಾಣಿ ಓದಿತು, ಹಳದಿಯವನು ಓದಿದ, ನೀಲಿಯವಳು ಅರ್ಧಕ್ಕೇ ನಗು ತಡೆಯಲಾರದೆ ಓಡಿಹೋದಳು. ಆಮೇಲೆ ಜೀರುಂಡೆ. ಮೈಕಿನ ಕಾಲು ನಿಲ್ಲುತ್ತಿರಲಿಲ್ಲ, ನಾನೇ ಅದನ್ನು ಹಿಡಿದುಕೊಂಡು ಅವಳ ಪಕ್ಕ ನಿಂತೆ.

ಚೆನ್ನಾಗಿ ಓದುತ್ತಿದ್ದಳು. ನನ್ನ ಕಣ್ಣು ಪುಸ್ತಕದ ಮೇಲಿರಲಿಲ್ಲ, ಎದುರಿಗೆ ಬೆರಗಾಗಿ ಕೂತ ತಾಯಂದಿರ ಮೇಲಿತ್ತು.

“ಹೊಳೆ ದಾಟಿದರೆ ಮನೆ ಎಂದುಕೊಂಡು ಅವಳು ನಡೆದಳು” ಎಂದಳು.

“ಹೊಳೆ ಅಲ್ಲ!” ಮುಂದಿನ ಸಾಲಿನಲ್ಲಿ ಹೈಸ್ಕೂಲಿನ ಹುಡುಗಿಯೊಬ್ಬಳು ಅದೇ ಪುಸ್ತಕದ ಇನ್ನೊಂದು ಪ್ರತಿ ತೆರೆದುಕೊಂಡು ಕೂತಿದ್ದಳು. “ಹೊಲ ಅಂತಿದೆ. ಹೊಲ ದಾಟಿದರೆ ಮನೆ.”

ಎಲ್ಲರೂ ನಕ್ಕರು. ಹೊಳೆ ಎಂದು ಓದಿದ್ದು ನಾನು. ನನ್ನ ಕನ್ನಡಕ ಬದಲಿಸಿ ನಾಲ್ಕು ವರ್ಷವಾಗಿತ್ತು. ಮೂರೂ ದಿನ ಹೊಳೆ ಎಂದೇ ಓದಿದ್ದೆ, ತಪ್ಪು ಈಗಷ್ಟೇ ಗೊತ್ತಾಗುತ್ತಿತ್ತು. ಇವಳಿಗೆ ಅದೇ ಹೊಳೆ ಎಲ್ಲಿಂದ ಬಂತು?

ಬಗ್ಗಿ ಅವಳ ಕೈಯಲ್ಲಿದ್ದ ಪುಸ್ತಕ ನೋಡಿದೆ. ನಾನಿಟ್ಟ ಚೀಟಿ ಎಲ್ಲೋ ಬಿದ್ದುಹೋಗಿತ್ತು. ಎಡಗಡೆಯ ಪುಟದಲ್ಲಿ ಒಂದು ಮರದ ಚಿತ್ರ. ಬಲಗಡೆಯ ಪುಟದಲ್ಲಿ ‘ಎಂಟನೆಯ ಅಧ್ಯಾಯ’, ಅಷ್ಟೇ. ಅವಳು ಆ ಖಾಲಿ ಪುಟದ ಮೇಲೆ ಬೆರಳಿಟ್ಟು, ಸಾಲಿನಿಂದ ಸಾಲಿಗೆ ಸರಿಸುತ್ತಾ, ನನ್ನ ಏರಿಳಿತದಲ್ಲೇ ಮುಂದುವರಿದಿದ್ದಳು. ಕೊನೆಯ ವಾಕ್ಯ ಮುಗಿಯಿತು. ಚಪ್ಪಾಳೆ ಬಿತ್ತು.

ಮೈಕನ್ನು ದೂರ ಹಿಡಿದು ಪಿಸುಗುಟ್ಟಿದೆ. “ಜೀರುಂಡೆ, ಈ ಪುಟದಲ್ಲಿ ಏನಿದೆ ಹೇಳು.”

ಅವಳು ನನ್ನ ಸೀರೆಯ ಅಂಚು ಹುಡುಕಿ ಹಿಡಿದುಕೊಂಡಳು.

“ಅಮ್ಮಂಗೆ ಹೇಳಬೇಡ ಅತ್ತೆ. ಲೈಬ್ರರಿ ಬಂದ್ ಮಾಡ್ತಾಳೆ.”

ಅವತ್ತೇ ಮಧ್ಯಾಹ್ನ ಕಣ್ಣಿನ ಡಾಕ್ಟರ ಮುಂದೆ ಕೂತಿದ್ದೆವು. ಆಕೆ ಗೋಡೆಯ ಮೇಲಿನ ಅಕ್ಷರ ಓದಿಸಿದರು. ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ದೊಡ್ಡ ಅಕ್ಷರವನ್ನು ಜೀರುಂಡೆ ಬಹಳ ಹೊತ್ತು ನೋಡಿ ಹೇಳಿದಳು, ಅದೂ ಎಡಗಣ್ಣಿನಿಂದ. ಬಲಗಣ್ಣಿನಿಂದ ಬೋರ್ಡು ಎಲ್ಲಿದೆ ಎಂದೇ ಗೊತ್ತಾಗಲಿಲ್ಲ. ಡಾಕ್ಟರು ದೀಪ ಬಿಟ್ಟು ಒಳಗೆ ನೋಡಿದರು, ಸ್ಕ್ಯಾನಿಗೆ ಬರೆದುಕೊಟ್ಟರು. ಸ್ಕ್ಯಾನ್ ಬಂದಾಗ ಸಂಜೆ ನಾಲ್ಕು. ಮಗುವನ್ನು ನರ್ಸಿನ ಜೊತೆ ಹೊರಗೆ ಕೂರಿಸಿ ನಮ್ಮನ್ನು ಕರೆದರು.

“ಕಣ್ಣಿನಿಂದ ಮಿದುಳಿಗೆ ಹೋಗೋ ನರದ ಮೇಲೆ ಒಂದು ಗಡ್ಡೆ ಒತ್ತುತ್ತಾ ಇದೆ. ತೆಗೆಯಬಹುದು. ಜೀವಕ್ಕೆ ದೊಡ್ಡ ಭಯ ಇಲ್ಲ ಅಂದ್ಕೊಂಡಿದ್ದೀನಿ. ಕಣ್ಣಿನ ಮಾತು ಬೇರೆ. ಎಷ್ಟು ದಿನದಿಂದ ಒತ್ತಿದೆ ಅನ್ನೋದರ ಮೇಲೆ ಹೋಗುತ್ತೆ. ಯಾವಾಗಿಂದ ಕಾಣಿಸ್ತಾ ಇರಲಿಲ್ಲ ಇವಳಿಗೆ?”

ಅಣ್ಣ ಅತ್ತಿಗೆಯ ಮುಖ ನೋಡಿದ. “ಹೋದ ವಾರ ತಲೆನೋವು ಅಂದಿದ್ಲು” ಎಂದರು ಅತ್ತಿಗೆ. “ಅದಕ್ಕೆ ಮುಂಚೆ ಏನೂ ಇರಲಿಲ್ಲ. ಲೈಬ್ರರೀಲಿ ದಿನಾ ಓದ್ತಾನೇ ಇದ್ದಳಲ್ಲ, ಇವರೇ ನೋಡ್ಕೋತಾರೆ.”

“ಒಂದೆರಡು ವಾರ ಅಂತ ಬರ್ಕೊಳ್ಳಲಾ?” ಎಂದರು ಡಾಕ್ಟರು. ಪೆನ್ನು ಕಾಗದದ ಮೇಲೆ ನಿಂತಿತ್ತು.

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಯಾರೂ ನನ್ನನ್ನು ಕೇಳಿರಲಿಲ್ಲ. ಆದರೆ ತಾರೀಖು ಗೊತ್ತಿದ್ದವಳು ಇಡೀ ಕೋಣೆಯಲ್ಲಿ ನಾನೊಬ್ಬಳೇ.

“ಅಲ್ಲ” ಎಂದೆ. “ಒಂದು ಅರ್ಧ ಗಂಟೆ ಕೊಡಿ.”

ಗ್ರಂಥಾಲಯ ಎರಡು ಬೀದಿಯಾಚೆ. ಓಡಿದೆ, ಈ ವಯಸ್ಸಿನಲ್ಲಿ, ಈ ಮೈಯಲ್ಲಿ. ಕೋಣೆಯಲ್ಲಿ ಬಲೂನುಗಳು ಇನ್ನೂ ಹಾಗೇ ಇದ್ದವು, ಗೋಡೆಯ ಮೇಲೆ ಹೊಸ ಪಟ್ಟಿ ಇತ್ತು. ಬಿಸ್ಕತ್ತಿನ ಡಬ್ಬಿಯನ್ನು ಎದೆಗವಚಿಕೊಂಡು ವಾಪಸು ಬಂದು, ಡಾಕ್ಟರ ಮೇಜಿನ ಮೇಲೆ ಜೀರುಂಡೆಯ ಚೀಟಿಗಳನ್ನು ತಾರೀಖಿನ ಪ್ರಕಾರ ಒಂದರ ಪಕ್ಕ ಒಂದು ಹರವಿದೆ. ಒಟ್ಟು ಹದಿನೇಳು.

ಹಾಗೆ ಒಟ್ಟಿಗೆ ನಾನೂ ಎಂದೂ ನೋಡಿರಲಿಲ್ಲ. ಮೊದಲಿನದರಲ್ಲಿ ಸಾಸಿವೆಯಂಥ ಅಕ್ಷರ, ಒಂಬತ್ತು ಸಾಲು, ಚೀಟಿಯ ಅಂಚಿನವರೆಗೂ. ನಾಲ್ಕನೆಯದರಲ್ಲಿ ಏಳು ಸಾಲು. ಎಂಟನೆಯದರಲ್ಲಿ ನಾಲ್ಕು, ಅದೂ ಕೆಳಕ್ಕೆ ಜಾರಿದ್ದವು. ಹದಿಮೂರನೆಯದರಲ್ಲಿ ಒಂದು ಸಾಲು ಇನ್ನೊಂದರ ಮೇಲೆ ಹತ್ತಿಕೊಂಡಿತ್ತು. ಕೊನೆಯ ಚೀಟಿಯಲ್ಲಿ ಮೂರೇ ಪದ: ‘ಇದು ತುಂಬಾ ಚೆನ್ನಾಗಿದೆ’. ಅಷ್ಟಕ್ಕೇ ಚೀಟಿ ತುಂಬಿಹೋಗಿತ್ತು.

ಪ್ರತಿಯೊಂದರ ಕೆಳಗೂ ನನ್ನ ಕೆಂಪು ಪೆನ್ಸಿಲು. ‘ಗೆರೆಯ ಮೇಲೆ ಬರಿ.’ ‘ಅಕ್ಷರ ಸಣ್ಣಗೆ, ಮುದ್ದಾಗಿರಲಿ.’ ‘ಇದೇನು ಕೋಳಿ ಕೆದರಿದ ಹಾಗೆ?’ ‘ಸೋಮಾರಿತನ!’ ಅದರ ಪಕ್ಕದಲ್ಲೇ ನನ್ನ ಮುದ್ರೆ, ನೀಟಾಗಿ, ಒಂದು ತಾರೀಖೂ ಅಳಿಸದ ಹಾಗೆ.

ಡಾಕ್ಟರು ಒಂದೊಂದನ್ನೇ ಓದಿದರು. ನಾಲ್ಕನೆಯ ಚೀಟಿಯ ಮೇಲೆ ಬೆರಳಿಟ್ಟರು. “ಇಲ್ಲಿಂದ. ಐದು ತಿಂಗಳು.” ಆಮೇಲೆ ನನ್ನ ಕಡೆ ನೋಡಿದರು. “ಇಷ್ಟು ಸ್ಪಷ್ಟವಾದ ದಾಖಲೆ ನನಗೆ ಇವತ್ತಿನವರೆಗೂ ಯಾರೂ ತಂದುಕೊಟ್ಟಿಲ್ಲ.”

ಅಣ್ಣ ಗೋಡೆಯ ಕಡೆ ತಿರುಗಿ ನಿಂತ. ಅತ್ತಿಗೆ ತಮ್ಮ ದಪ್ಪ ಕನ್ನಡಕದೊಳಗಿಂದ ಕೆಂಪು ಪೆನ್ಸಿಲಿನ ಮಾತುಗಳನ್ನು ಓದುತ್ತಿದ್ದರು, ಬಹಳ ನಿಧಾನವಾಗಿ, ಒಂದನ್ನೂ ಬಿಡದೆ. ನನಗೆ ಏನಾದರೂ ಅನ್ನಲಿ, ಎರಡು ಬಾರಿಸಲಿ ಎಂದು ಕಾದೆ. ಅವರು ಅಂದದ್ದು ಒಂದೇ ಮಾತು. “ಬಂದ್ ಮಾಡ್ತೀನಿ ಅಂತ ನಾನು ಸುಮ್ಮನೆ ಹೇಳ್ತಿದ್ದೆ.”

ಮಂಗಳವಾರ ಬೆಳಗ್ಗೆ ಆಪರೇಷನ್ ಆಯಿತು. ಆರು ಗಂಟೆ ಹಿಡಿಯಿತು. ಗಡ್ಡೆ ಪೂರ್ತಿ ಬಂದಿದೆ, ಮಗು ಕ್ಷೇಮ ಎಂದರು. ಕಣ್ಣಿನ ವಿಷಯ ಕೇಳಿದರೆ, ಊತ ಇಳಿಯಲಿ, ನೋಡೋಣ ಎಂದರು. ಆ ‘ನೋಡೋಣ’ವನ್ನು ಐದು ದಿನ ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದೆವು. ಆಸ್ಪತ್ರೆಯ ಹಾಸಿಗೆಯಲ್ಲಿ ಅವಳು ತಲೆಗೆ ಬಿಳಿ ಪಟ್ಟಿ ಸುತ್ತಿಕೊಂಡು ಮಲಗಿರುತ್ತಿದ್ದಳು. ಯಾವ ಮೆಟ್ಟಿಲಿಗೂ ಸೇರದ ಬಣ್ಣ ಅದು.

ಐದನೆಯ ದಿನ ಅವಳೇ ಕೇಳಿದಳು. “ಅತ್ತೆ, ನಾಳೆ ಹಸಿರು ತರ್ತೀಯಾ? ನಿಯಮ ಇದೆ ಅಂತ ಗೊತ್ತು. ಒಂದೇ ಒಂದು.”

ಮರುದಿನ ಮೂರು ತಂದೆ. ಬೆಳಗಿನ ಬಿಸಿಲು ಹಾಸಿಗೆಯ ಮೇಲೇ ಬಿದ್ದಿತ್ತು. ಮೊದಲನೆಯದನ್ನು ಕೈಗಿಟ್ಟಾಗ ರಟ್ಟನ್ನು ಸವರಿ, ಹರಿದು ಅಂಟಿಸಿದ್ದ ಮೂಲೆಯನ್ನು ಬೆರಳಿನಲ್ಲಿ ಮುಟ್ಟಿ, ತೆರೆದು ಗಟ್ಟಿಯಾಗಿ ಓದಿದಳು. ‘ಕಪ್ಪೆ ಹಾರಿತು. ಕಪ್ಪೆ ಬಿತ್ತು. ಕಪ್ಪೆ ನಕ್ಕಿತು.’ ಒಂದೂ ತಪ್ಪಿಲ್ಲ. ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡು ಅಳತೊಡಗಿದರು. ಅಣ್ಣ “ಓದ್ತಿದ್ದಾಳೆ, ಓದ್ತಿದ್ದಾಳೆ” ಎಂದು ನರ್ಸನ್ನು ಕರೆಯಲು ಹೊರಗೆ ಓಡಿದ. ಎರಡನೆಯದನ್ನೂ ಓದಿದಳು. ಗುಂಯ್ ಎಂಬ ಸದ್ದು ಕೂಡ ಸಣ್ಣಗೆ ಬಂತು.

ನಾನು ನಗಲಿಲ್ಲ. ಇಪ್ಪತ್ತೆರಡು ವರ್ಷದ ಕೆಲಸ ನನ್ನದು, ಯಾವ ಪುಸ್ತಕ ಯಾರು ಎಷ್ಟು ಸಲ ಒಯ್ದಿದ್ದಾರೆ ಎಂದು ಬಲ್ಲೆ. ಆ ಎರಡನ್ನೂ ಅವಳು ನಾಲ್ಕು ವರ್ಷದವಳಿದ್ದಾಗ ಇಡೀ ಬೇಸಿಗೆ ನನ್ನ ತೊಡೆಯ ಮೇಲೆ ಕೂತು ಓದಿಸಿಕೊಂಡಿದ್ದಳು.

ಮೂರನೆಯದು ಆ ವಾರವಷ್ಟೇ ಬಂದದ್ದು. ಮುದ್ರೆ ಒತ್ತಿರಲಿಲ್ಲ, ಹಸಿರು ಪಟ್ಟಿಯ ಅಂಟು ಇನ್ನೂ ಆರಿರಲಿಲ್ಲ. ಯಾವ ಮಗುವೂ ಇನ್ನೂ ತೆರೆದಿರಲಿಲ್ಲ. ಬೇಕೆಂದೇ ತಂದಿದ್ದೆ. ಮೊದಲ ಪುಟ ತೆರೆದು ಅವಳ ಮುಂದೆ ಹಿಡಿದೆ. ಪುಟದ ತುಂಬ ನಾಲ್ಕೇ ಪದ, ನನ್ನ ಹೆಬ್ಬೆರಳಿಗಿಂತ ದೊಡ್ಡ ಅಕ್ಷರ.

ಜೀರುಂಡೆ ಪುಸ್ತಕದ ಬೆನ್ನು ಹುಡುಕಿ ಸವರಿದಳು. ಹೊಸ ಕಾಗದದ ವಾಸನೆ ತೆಗೆದುಕೊಂಡಳು. ಪುಟದ ಮೇಲೆ ಬೆರಳಿಟ್ಟು, ಎಲ್ಲಿಂದ ಶುರು ಮಾಡಬೇಕು ಎಂದು ತಿಳಿಯದೆ, ಅಲ್ಲೇ ನಿಲ್ಲಿಸಿದಳು. ಅವಳ ಗುಂಯ್ ನಿಂತಿತು. ಅತ್ತಿಗೆಯ ಅಳುವೂ ನಿಂತಿತು.

“ನೀನು ಒಂದ್ಸಲ ಓದಿ ತೋರಿಸು ಅತ್ತೆ” ಎಂದಳು. “ಆಮೇಲೆ ನಾನು ಓದ್ತೀನಿ.”

ನಾನು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಹಾಕಿಕೊಂಡೆ. ಪುಸ್ತಕವನ್ನು ಬೆಳಕಿಗೆ ಹಿಡಿದು, ಒಂದಕ್ಷರವೂ ತಪ್ಪದ ಹಾಗೆ ಓದಿದೆ.